ಸನ್ನತಿಯ ಎಣ್ಣೆ ಇಂಜಿನ್ನು ಮತ್ತು ಕಳಚದ ಗಾಲಿ



ಕಳೆದ ವಾರ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಪುಣೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಸೇಡಂನಲ್ಲಿ ನಾನು ಪಾಠ ಹೇಳುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ನೋಟುಪುಸ್ತಕದ ಕೊನೆಯ ಪುಟದಲ್ಲಿ ಮೋಟಾರಿನ ಚಿತ್ರ ಬರೆಯುತ್ತಿದ್ದ ಹುಡುಗ. ಈಗ ಅವನಿಗೂ ತಲೆ ನರೆತಿದೆ. ಹಳೆಯ ಜೀಪೊಂದನ್ನು ಕೊಂಡು, ರಜೆಯ ದಿನಗಳಲ್ಲಿ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ತಾನೇ ಬಿಚ್ಚಿ ಜೋಡಿಸುತ್ತಿದ್ದಾನಂತೆ. "ಸರ್, ಗಿಯರ್ ಬಾಕ್ಸ್ ಇಳಿಸೀನಿ, ಕ್ಲಚ್ ತೆಗದೀನಿ. ಫ್ಲೈವ್ಹೀಲ್ ಮಾತ್ರ ಅಲುಗವಲ್ದು. ಮೂರು ದಿನ ಆತು. ನೀವು ಒಮ್ಮೆ ಕ್ಲಾಸಿನ್ಯಾಗ ನಿಮ್ಮೂರ ಇಂಜಿನ್ನಿನ ಗಾಲಿ ಕಥಿ ಹೇಳಿದ್ರಿ. ಪೂರಾ ನೆನಪಿಲ್ಲ, ಇನ್ನೊಮ್ಮೆ ಹೇಳ್ರಿ" ಎಂದ.

ಇತಿಹಾಸ ಕಲಿಸಿದ ಮಾಸ್ತರನನ್ನು ಯಂತ್ರದ ವಿಷಯ ಕೇಳಿದ್ದಕ್ಕೆ ನನಗೆ ಮೊದಲು ನಗು ಬಂದಿತು. ಆದರೆ ಫೋನಿನಲ್ಲಿ ಹೇಳಿದ್ದು ಅರ್ಧ. ಉಳಿದರ್ಧವನ್ನು, ಅದರ ಹಿಂದಿನ ಚರಿತ್ರೆಯ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ.

ಸನ್ನತಿ ಎಂದೊಡನೆ ಜನರು ಚಂದ್ರಲಾಂಬಾ ಪರಮೇಶ್ವರಿಯ ಗುಡಿಯನ್ನು ನೆನೆಯುತ್ತಾರೆ. ಓದಿದವರು ಕನಗನಹಳ್ಳಿಯ ಸ್ತೂಪವನ್ನೂ ಅಶೋಕನ ಶಾಸನವನ್ನೂ ನೆನೆಯುತ್ತಾರೆ. ನಮ್ಮ ಭಾಗಕ್ಕೆ ಯಂತ್ರ ಬಂದ ಕಥೆಯನ್ನು ಕೇಳುವವರು ಕಡಿಮೆ. ಅದೂ ಇತಿಹಾಸವೇ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲ್ವೆಯ ಹಳಿ ಕಲಬುರ್ಗಿ, ಶಹಾಬಾದ್, ವಾಡಿ, ನಾಲವಾರಗಳನ್ನು ದಾಟಿ ರಾಯಚೂರಿನಲ್ಲಿ ಮದ್ರಾಸು ರೈಲ್ವೆಯನ್ನು ಸೇರಿತು. ಮೂರು ವರ್ಷ ಕಳೆಯುವುದರೊಳಗೆ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಅದು ಚಿತ್ತಾಪುರ, ಸೇಡಂ ಮಾರ್ಗವಾಗಿ ಹೋಗುತ್ತದೆ. ನಮ್ಮ ಮುತ್ತಜ್ಜಂದಿರು ಕಂಡ ಮೊದಲ ಯಂತ್ರವೆಂದರೆ ಆ ಉಗಿಬಂಡಿಯೇ. ಕಲಬುರ್ಗಿಯಲ್ಲಿ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಎದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ 1920ರ ದಶಕದಲ್ಲಿ ಬಂದು, 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದರೊಳಗೆ ಸೇರಿತು. ಹೀಗೆ ರೈಲಿನ ಹಳಿಗುಂಟ ಯಂತ್ರ ಬೆಳೆಯಿತು. ಹಳಿಯಿಂದ ನಾಲ್ಕು ಹರಿದಾರಿ ಒಳಗಿದ್ದ ಊರುಗಳಲ್ಲಿ ಮಾತ್ರ ಎತ್ತು, ಹಗ್ಗ, ಚರ್ಮದ ಚೀಲದ ಕಪಿಲೆ, ಇವೇ ನೀರೆತ್ತುವ ಸಾಧನಗಳಾಗಿ ಉಳಿದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದಾಗಲೂ, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ನಮ್ಮ ಬಾವಿಯ ಮೇಲೆ ಕಪಿಲೆಯ ರಾಟೆಯೇ ಕಿರ್ರೆನ್ನುತ್ತಿತ್ತು.

ಒಳನಾಡಿಗೆ ಯಂತ್ರವನ್ನು ತಂದದ್ದು ಡೀಸೆಲ್ ಎಣ್ಣೆಯ ಇಂಜಿನ್ನು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಯಂತ್ರ ಆಳೆತ್ತರವನ್ನೂ ಮೀರಿದ್ದು. ಅದನ್ನು ರೈತನ ಬಾವಿಗೆ ಹೊಂದುವಷ್ಟು ಚಿಕ್ಕದು ಮಾಡಿದವರು ಬೇರೆಯವರು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯವರು 1930ರ ಸುಮಾರಿಗೆ ಒಂದೇ ಸಿಲಿಂಡರಿನ, ನಿಧಾನವಾಗಿ ತಿರುಗುವ ಇಂಜಿನ್ನೊಂದನ್ನು ಹೊರತಂದರು. ಐದಾರು ಅಶ್ವಶಕ್ತಿ, ನಿಮಿಷಕ್ಕೆ ಆರು ನೂರು ಆರು ನೂರೈವತ್ತು ಸುತ್ತು, ಎರಡೂ ಪಕ್ಕಕ್ಕೆ ಒಂದೊಂದು ದೊಡ್ಡ ಎರಕದ ಗಾಲಿ. ಆ ಮಾದರಿಯನ್ನು ಮುಂದೆ ಗುಜರಾತಿನ ರಾಜಕೋಟದ ಕಾರ್ಖಾನೆಗಳು ಸಾವಿರಗಟ್ಟಲೆ ಎರಕ ಹೊಯ್ದವು. ನಮ್ಮವರೂ ಹಿಂದೆ ಉಳಿಯಲಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಬದುಕು ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ಕಬ್ಬಿಣದ ನೇಗಿಲು ಮಾಡಿದರು; ಆ ಮನೆತನದ ಎಣ್ಣೆ ಇಂಜಿನ್ನಿನ ಕಂಪನಿ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಉತ್ತರ ಕರ್ನಾಟಕದ ಹಿಟ್ಟಿನ ಗಿರಣಿಗಳ ಸದ್ದನ್ನು ಕೇಳಿ ಬೆಳೆದವರಿಗೆ ಈ ಇಂಜಿನ್ನುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ.

ನಮ್ಮ ತಂದೆಯವರು 1967ರಲ್ಲಿ ಸಾಲ ಮಾಡಿ ಇಂತಹ ಎರಡು ಗಾಲಿಯ ಇಂಜಿನ್ನೊಂದನ್ನು ತಂದರು. ನಾಲವಾರ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಎರಡು ಜೋಡಿ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ನನಗಾಗ ಹದಿನಾಲ್ಕು ವರ್ಷ. ಭೀಮಾ ನದಿಯ ದಂಡೆಗೆ ಹತ್ತಿರದ ನಮ್ಮ ಬಾವಿಯ ಮಗ್ಗುಲಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ ಕಟ್ಟಿ ಅದನ್ನು ಕೂರಿಸಿದರು. ಅವ್ವ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ಮೇಲಿನ ಸನ್ನೆಯನ್ನು ಎತ್ತಿ ಹಿಡಿದು, ಹ್ಯಾಂಡಲ್ ತಿರುವಿ, ಗಾಲಿಗೆ ವೇಗ ಬಂದ ಮೇಲೆ ಸನ್ನೆ ಬಿಟ್ಟರೆ ಡುಗ್ ಡುಗ್ ಡುಗ್ ಎಂದು ಅರ್ಧ ಮೈಲಿ ಕೇಳುವಂತೆ ಓಡುತ್ತಿತ್ತು.

ಗಾಲಿ ಏಕೆ ಅಷ್ಟು ಭಾರ ಎಂದು ನಾನು ಅಣ್ಣನನ್ನು ಕೇಳಿದ್ದೆ. ಅವನು ಹೇಳಿದ ಉತ್ತರವನ್ನೇ ಮುಂದೆ ಎಷ್ಟೋ ಮಕ್ಕಳಿಗೆ ನಾನು ಹೇಳಿದ್ದೇನೆ. ಇಂತಹ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಎಣ್ಣೆ ಉರಿದು ಕೊಳವೆಯೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಉಳಿದ ಒಂದೂವರೆ ಸುತ್ತು ಹೊಗೆ ಹೊರಹಾಕುವುದು, ಗಾಳಿ ಎಳೆಯುವುದು, ಗಾಳಿ ಒತ್ತುವುದು, ಇವೆಲ್ಲ ಖರ್ಚಿನ ಕೆಲಸ. ಆ ಖರ್ಚಿಗೆ ಗಾಲಿಯ ಭಾರದಲ್ಲಿ ಕೂಡಿಟ್ಟ ವೇಗವೇ ಬಂಡವಾಳ. ಆದ್ದರಿಂದ ಒಂದೊಂದು ಗಾಲಿಯೂ ಎರಡು ಮಣಕ್ಕೆ ಮಿಗಿಲಾದ ಭಾರ. ಅಂತಹ ಭಾರ ಶಾಫ್ಟಿನ ಮೇಲೆ ಜಾರದಂತೆ ನಿಲ್ಲಬೇಕಾದರೆ ಗಟ್ಟಿಯಾದ ಹಿಡಿತ ಬೇಕು. ಆ ಹಿಡಿತ ಇರುವುದು ಒಂದು ಗೇಣಿಗಿಂತ ಚಿಕ್ಕದಾದ ಉಕ್ಕಿನ ಬೆಣೆಯಲ್ಲಿ. ಮಿಸ್ತ್ರಿಗಳು ಇದನ್ನು ಚಾವಿ ಎನ್ನುತ್ತಾರೆ. ಶಾಫ್ಟಿನಲ್ಲಿ ಅರ್ಧ ಗಾಡಿ, ಗಾಲಿಯ ಗುಂಬದ ಒಳಮೈಯಲ್ಲಿ ಅರ್ಧ ಗಾಡಿ. ಎರಡರ ನಡುವೆ ಚಾವಿಯನ್ನು ಹೊರಗಿನಿಂದ ಇಂಜಿನ್ನಿನ ಕಡೆಗೆ ಬಡಿದು ಕೂರಿಸುತ್ತಾರೆ. ಚಾವಿಯ ಹೊರತುದಿ ದಪ್ಪ, ಒಳತುದಿ ತುಸು ತೆಳು. ಆ ತೆಳುವು ಕಣ್ಣಿಗೆ ಕಾಣುವಂತಹದಲ್ಲ, ನೂರು ಅಂಗುಲಕ್ಕೆ ಒಂದು ಅಂಗುಲದ ಲೆಕ್ಕ. ಮುಂದೆ ಎಳೆದು ತೆಗೆಯಲಿಕ್ಕೆಂದು ಹೊರತುದಿಗೆ ಒಂದು ತಲೆಯನ್ನು ಬಿಟ್ಟಿರುತ್ತಾರೆ.

ಈ ವಿವರ ನೆನಪಿರಲಿ. ಮುಂದೆ ಬೇಕಾಗುತ್ತದೆ.

1972ರಲ್ಲಿ ಮಳೆ ಕೈಕೊಟ್ಟಿತು. ಹಿಂದಿನ ವರ್ಷವೂ ಅಷ್ಟಕ್ಕಷ್ಟೆ. ಮಹಾರಾಷ್ಟ್ರ, ವಿಜಾಪುರ, ಕಲಬುರ್ಗಿ ಸೀಮೆಯವರು ಇಂದಿಗೂ ಬರಗಾಲ ಎಂದರೆ ಆ ವರ್ಷವನ್ನೇ ಹೇಳುತ್ತಾರೆ. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೇ ಒಣಗಿತು. 1973ರ ಬೇಸಿಗೆಗೆ ಭೀಮೆಯಲ್ಲಿ ಹರಿವು ನಿಂತು, ಅಲ್ಲೊಂದು ಇಲ್ಲೊಂದು ಮಡು ಉಳಿದಿತ್ತು. ಊರ ಬಾವಿಗಳು ಬತ್ತಿದವು. ನಮ್ಮ ಬಾವಿಗೆ ಮಾತ್ರ ಒಂದು ಸೆಲೆ ಇತ್ತು. ಅಪ್ಪ ಹೊಲಕ್ಕೆ ನೀರು ಹಾಯಿಸುವುದನ್ನು ನಿಲ್ಲಿಸಿ, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಇಂಜಿನ್ನು ಓಡಿಸಿ ಊರವರಿಗೆ ಕುಡಿಯುವ ನೀರು ಕೊಡತೊಡಗಿದರು. ಪೈಪಿನ ಬಾಯಿಂದ ಕಾಲುವೆಯುದ್ದಕ್ಕೂ ಕೊಡಗಳ ಸಾಲು. ದೂರದ ತಾಂಡಾದಿಂದಲೂ ಹೆಣ್ಣುಮಕ್ಕಳು ಬರುತ್ತಿದ್ದರು.

ಕಲಬುರ್ಗಿಯಲ್ಲಿ ಕಾಲೇಜು ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದಾಗ ಇಂಜಿನ್ನಿನ ಸದ್ದು ಬದಲಾಗಿತ್ತು. ಡುಗ್ ಡುಗ್ ನಡುವೆ ಒಂದು ಗಡಗಡ. ಅಣ್ಣ ಒಂದು ದಿನ ನಿಲ್ಲಿಸಿ ನೋಡೋಣವೆಂದ. ಅಪ್ಪ ಕೊಡಗಳ ಸಾಲನ್ನು ತೋರಿಸಿ ಸುಮ್ಮನಾದರು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಬಲಗಡೆಯ ಗಾಲಿ ಓಲಾಡತೊಡಗಿತು. ಅಪ್ಪ ಓಡಿಹೋಗಿ ಎಣ್ಣೆ ನಿಲ್ಲಿಸಿದರು. ಆ ಕಡೆಯ ಬೇರಿಂಗ್ ಸವೆದು ಹೋಗಿತ್ತು. ಬೇರಿಂಗ್ ಬದಲಿಸಬೇಕಾದರೆ ಗಾಲಿ ಕಳಚಲೇಬೇಕು, ಬೇರೆ ದಾರಿಯಿಲ್ಲ. ಪರಿಚಯದ ಮಿಸ್ತ್ರಿಯೊಬ್ಬರಿಗೆ ಹೇಳಿ ಕಳಿಸಿದರೆ, ಎಲ್ಲ ಊರಿನ ಇಂಜಿನ್ನುಗಳೂ ಕೆಟ್ಟಿವೆ, ಬರಲು ಎಂಟು ದಿನವಾದರೂ ಬೇಕು ಎಂಬ ಉತ್ತರ ಬಂದಿತು. ಎಂಟು ದಿನ ಜನ ಏನು ಕುಡಿಯಬೇಕು?

"ನಾವೇ ಬಿಚ್ಚೋಣ ಅಪ್ಪಾ" ಎಂದ ಅಣ್ಣ. ಅವನಿಗಾಗ ಇಪ್ಪತ್ತಾರು. ತೋಳಿನಲ್ಲಿ ಶಕ್ತಿ ಇತ್ತು, ಕೈಯಲ್ಲಿ ಕಸುಬೂ ಸ್ವಲ್ಪ ಇತ್ತು.

ಆರು ವರ್ಷ ಮಳೆ, ದೂಳು, ಬೂದಿಗಳಲ್ಲಿ ನಿಂತ ಚಾವಿ ಅದು. ಕಬ್ಬಿಣವನ್ನು ಕಬ್ಬಿಣ ಕಚ್ಚಿ ತುಕ್ಕು ಹಿಡಿದು ಒಂದೇ ಆಗಿಬಿಟ್ಟಿತ್ತು. ಅಣ್ಣ ಚಿಮಣಿ ಎಣ್ಣೆ ಸುರಿದ. ಚಾವಿಯ ತಲೆಯ ಹಿಂದೆ ಉಳಿ ಇಟ್ಟು ಬಡಿದ. ಉಳಿಯ ಬಾಯಿ ಮುರಿಯಿತೇ ವಿನಾ ಚಾವಿ ಜಗ್ಗಲಿಲ್ಲ. ತಲೆಯೇ ಮುರಿದರೆ ಗತಿಯೇನೆಂದು ಅಪ್ಪ ತಡೆದರು. ಆಗ ಅವನು ಗಾಲಿಯನ್ನೇ ಹೊರಕ್ಕೆ ಹೊಡೆದು ತರುವೆನೆಂದು ನಿಶ್ಚಯಿಸಿದ. ಗಾಲಿಗೂ ಇಂಜಿನ್ನಿನ ಮೈಗೂ ನಡುವೆ ಹಾರೆ ತೂರಿಸಿ ಮೀಟಿದ. ಒಳಗಡೆಯಿಂದ ಹೊರಗೆ ದೊಡ್ಡ ಘಣದಿಂದ ಹೊಡೆದ. ನಾನೂ ಹೊಡೆದೆ. ಎಲ್ಲರ ಕೈಯಲ್ಲಿ ಬೊಕ್ಕೆಗಳೆದ್ದವು. ಮೊದಲ ದಿನ ಮುಗಿಯಿತು. ಎರಡನೆಯ ದಿನವೂ ಅದೇ. ಗಾಲಿ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ನೀರಿಗೆ ಬಂದವರು ಖಾಲಿ ಕೊಡ ಇಟ್ಟುಕೊಂಡು ದೂರದಲ್ಲಿ ಕುಳಿತು ನೋಡುತ್ತಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಅಣ್ಣನಿಗೆ ಹಗುರಾಗುತ್ತಿತ್ತೇನೋ. ಎರಡನೆಯ ದಿನ ಹೊತ್ತು ಇಳಿಯುವಾಗ ಅವನಿಗೆ ಸಿಟ್ಟು ನೆತ್ತಿಗೇರಿತು. ಗುಂಬವನ್ನು ಬಿಟ್ಟು ಗಾಲಿಯ ಕಾಲಿಗೆ, ಅಂದರೆ ಗುಂಬವನ್ನೂ ಅಂಚನ್ನೂ ಕೂಡಿಸುವ ಅಡ್ಡೆಗೆ, ತಲೆಯ ಮೇಲಿನಿಂದ ಘಣ ಬೀಸಿ ಹೊಡೆದ. ಅದುವರೆಗೆ ಹೊಡೆತಕ್ಕೊಮ್ಮೆ ಟಣ್ ಎಂದು ಗಂಟೆಯಂತೆ ನಾದ ಬರುತ್ತಿತ್ತು. ಆ ಹೊಡೆತಕ್ಕೆ ಬಂದ ಸದ್ದು ಬೇರೆ. ಒಡೆದ ಮಡಕೆಯನ್ನು ತಟ್ಟಿದಂತೆ, ಮಂಕಾಗಿ. ಅಪ್ಪ ಬಂದು ಬೆರಳಿಟ್ಟು ನೋಡಿದರು. ಅಡ್ಡೆಯ ಅಡ್ಡಲಾಗಿ ಕರಿ ನೂಲಿನಂತಹ ಬಿರುಕು.

ಎರಕದ ಕಬ್ಬಿಣ ಉಕ್ಕಿನಂತಲ್ಲ. ಒತ್ತಡವನ್ನು ತಾಳುತ್ತದೆ, ಪೆಟ್ಟನ್ನು ತಾಳುವುದಿಲ್ಲ. ಬಾಗುವ ಮೊದಲೇ ಸೀಳುತ್ತದೆ. ಬಿರುಕು ಬಿಟ್ಟ ಗಾಲಿಯನ್ನು ನಿಮಿಷಕ್ಕೆ ಆರು ನೂರು ಸುತ್ತು ತಿರುಗಿಸಿದರೆ ಎಂದಾದರೊಮ್ಮೆ ಅದು ತುಂಡಾಗಿ ಹಾರುತ್ತದೆ, ಎದುರಿಗೆ ಯಾರಿದ್ದರೂ ಉಳಿಯುವುದಿಲ್ಲ. ಇದು ಅಪ್ಪನಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. ಘಣ ಕೆಳಗಿಟ್ಟು ಅವನು ಹೊಲದ ಬದುವಿನ ಮೇಲೆ ಹೋಗಿ ಕುಳಿತ. ರಾತ್ರಿ ಊಟಕ್ಕೂ ಬರಲಿಲ್ಲ.

ಮರುದಿನ ನಸುಕಿನಲ್ಲಿ ನೀರಿಗೆ ಬಂದವರ ಜೊತೆ ಒಬ್ಬ ಮುದುಕ ಬಂದಿದ್ದ. ಶಹಾಬಾದಿನ ಕಡೆಯ ಕಲ್ಲಿನ ಖಣಿಗಳಲ್ಲಿ ಬಾಳು ಸವೆಸಿದವನು. ವಯಸ್ಸಾಗಿ ಅದು ಬಿಟ್ಟ ಮೇಲೆ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದ. ಊರವರಿಗೆಲ್ಲ ಅವನು ಮುತ್ಯಾ.

ಶಹಾಬಾದ್ ಕಲ್ಲಿನ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. ಭೀಮೆಯ ಈ ಕೊಳ್ಳದಲ್ಲಿ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಹಾಸುಗಲ್ಲು ಬೇಕಾದವರು ಅದನ್ನು ಮದ್ದಿಟ್ಟು ಸಿಡಿಸಿದರೆ ಚೂರಾಗುತ್ತದೆ. ಆದ್ದರಿಂದ ಪದರದ ಸಂದು ಹುಡುಕಿ, ಸಾಲಾಗಿ ಬೆಣೆಗಳನ್ನು ಇಟ್ಟು, ಒಂದರ ಮೇಲೆ ಒಂದು ಸಣ್ಣ ಪೆಟ್ಟು ಕೊಡುತ್ತಾ ಹೋಗುತ್ತಾರೆ. ಕಿವಿಗೊಟ್ಟು ಸದ್ದು ಕೇಳುತ್ತಾರೆ. ಹಾಸು ಬಿಟ್ಟಿತೆಂದು ಸದ್ದೇ ಹೇಳುತ್ತದೆ. ಆಮೇಲೆ ಹಾರೆ ಹಾಕಿ ನಿಧಾನಕ್ಕೆ ಎಬ್ಬಿಸುತ್ತಾರೆ. ನಮ್ಮ ಕಡೆಯ ಮನೆ, ಗುಡಿ, ಶಾಲೆಗಳ ನೆಲವೆಲ್ಲ ಹೀಗೆ ಎದ್ದು ಬಂದದ್ದು. ಸನ್ನತಿ ಕನಗನಹಳ್ಳಿಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಸ್ತೂಪಕ್ಕೆ ಹೊದಿಸಿದ ಶಿಲ್ಪದ ಹಲಗೆಗಳೂ ಇದೇ ಸುಣ್ಣಗಲ್ಲಿನವು. ಎಂದರೆ ಬೆಣೆಯ ವಿದ್ಯೆ ನಮ್ಮ ನೆಲಕ್ಕೆ ಇಂಜಿನ್ನಿಗಿಂತ ಬಹಳ ಹಳೆಯದು.

ಮುತ್ಯಾ ಗಾಲಿಯ ಸುತ್ತ ಒಮ್ಮೆ ನಡೆದ. ಚಾವಿಯ ತಲೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಆಮೇಲೆ ಅಣ್ಣನನ್ನು ಕರೆದ.

"ತಮ್ಮಾ, ಎತ್ತ ಕಡೆ ಹೊಡೀಲಕತ್ತೀರಿ?"

"ಹೊರಗ, ಮುತ್ಯಾ."

"ಈ ಬೆಣೆ ಎತ್ತಲಿಂದ ಬಡದಾರ?"

"ಹೊರಗಿಂದ ಒಳಗ."

"ದಪ್ಪ ಬಾಜು ಯಾವದು?"

"ಹೊರಗಿಂದು."

"ಹಂಗಾದ್ರ ಗಾಲಿ ಹೊರಗ ಬಂದ್ರ ಬೆಣೆ ಸಡ್ಲಾಗ್ತದೋ ಬಿಗೀತದೋ?"

ಅಣ್ಣ ಉತ್ತರ ಕೊಡಲಿಲ್ಲ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಾಲಿ ಹೊರಕ್ಕೆ ಸರಿದಷ್ಟೂ ಚಾವಿಯ ದಪ್ಪ ಭಾಗದ ಮೇಲೆ ಏರುತ್ತದೆ, ಏರಿದಷ್ಟೂ ಬಿಗಿಯುತ್ತದೆ. ಎರಡು ದಿನ ನಾವು ಬೆವರು ಸುರಿಸಿ ಮಾಡಿದ್ದು ಗಾಲಿಯನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುವ ಕೆಲಸ. ಹೊರಗೆ ತೆಗೆಯಬೇಕಾದ ವಸ್ತುವನ್ನು ಮೊದಲು ಒಳಗೆ ತಳ್ಳಬೇಕಾಗಿತ್ತು.

ಆತ ಇಂಜಿನ್ನು ಬಿಚ್ಚಿದವನಲ್ಲ. ಅದರ ಹೆಸರುಗಳೂ ಅವನಿಗೆ ಗೊತ್ತಿರಲಿಲ್ಲ. ಆದರೆ ಬೆಣೆಯನ್ನು ಕಂಡವನು.

ಅಂದಿನ ಕೆಲಸ ನನಗೆ ಒಂದೊಂದಾಗಿ ನೆನಪಿದೆ. ಮೊದಲು ಎಲ್ಲವನ್ನೂ ನಿಲ್ಲಿಸಿ, ಶಾಫ್ಟಿನ ಹೊರಚಾಚಿದ ಭಾಗವನ್ನೂ ಗುಂಬದ ಒಳಮಗ್ಗುಲನ್ನೂ ಇಟ್ಟಂಗಿಯ ಪುಡಿಯಿಂದ ಉಜ್ಜಿ ತುಕ್ಕು ತೆಗೆಸಿದ. ಹಳೆ ಅರಿವೆಯನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿ ಗುಂಬಕ್ಕೆ ಸುತ್ತಿಸಿ, ಹೊತ್ತು ನೆತ್ತಿಗೆ ಬರುವವರೆಗೆ ಯಾರೂ ಮುಟ್ಟಕೂಡದೆಂದ. ಕುಳ್ಳು ಉರಿಸಿ ಗುಂಬವನ್ನು ಕಾಯಿಸಿದರೆ ಹಿಗ್ಗುತ್ತದೆಂದು ಅಣ್ಣ ಹೇಳಿದ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ತೊಡಿಸುವಾಗ ಕಮ್ಮಾರರು ಮಾಡುವುದು ಅದನ್ನೇ. ಉಗಿಬಂಡಿಯ ಗಾಲಿಗೂ ಉಕ್ಕಿನ ಬಳೆಯನ್ನು ಹಾಗೆಯೇ ಕಾಯಿಸಿ ತೊಡಿಸುತ್ತಿದ್ದರು. ಮಾತೇನೋ ಸರಿ. ಆದರೆ ಈಗಾಗಲೇ ಬಿರುಕು ಬಿಟ್ಟ ಎರಕ. ಒಂದು ಕಡೆ ಬಿಸಿ ಒಂದು ಕಡೆ ತಂಪು ಆದರೆ ಕಲ್ಲಿನ ಹಾಗೆ ಸಿಡಿಯುತ್ತದೆ ಎಂದು ಮುತ್ಯಾ ಬೇಡವೆಂದ.

ಗುಂಬಕ್ಕೂ ಬೇರಿಂಗಿನ ಮನೆಗೂ ನಡುವೆ ಹೆಬ್ಬೆರಳು ತೂರುವಷ್ಟು ತೆರಪಿತ್ತು. ಅಷ್ಟು ಸಾಕೆಂದ. ಎಡಗಡೆಯ ಶಾಫ್ಟಿನ ತುದಿಗೆ ಆತುಕೊಳ್ಳುವಂತೆ ಒಂದು ದಪ್ಪ ಹಾಸುಗಲ್ಲನ್ನು ನಿಲ್ಲಿಸಿ, ಅದರ ಹಿಂದೆ ಇನ್ನೆರಡು ಕಲ್ಲು ಒಟ್ಟಿಸಿದ. ಇಲ್ಲದಿದ್ದರೆ ಈ ಕಡೆಯ ಪೆಟ್ಟೆಲ್ಲ ಆ ಕಡೆಯ ಬೇರಿಂಗಿಗೆ ಹೋಗುತ್ತದೆ. ಮೂರು ಬಿದಿರು ಕಟ್ಟಿ ಮುಕ್ಕಾಲಿ ಮಾಡಿ, ಅದಕ್ಕೆ ಹಗ್ಗದಿಂದ ಒಂದು ಜಾಲಿಯ ದಿಮ್ಮಿಯನ್ನು ತೊಟ್ಟಿಲಿನಂತೆ ತೂಗಿಬಿಟ್ಟ. ದಿಮ್ಮಿಯ ಮೂತಿ ಗುಂಬಕ್ಕೇ ತಾಗಬೇಕು; ಅಡ್ಡೆಗೆ, ಅಂಚಿಗೆ ತಾಗಕೂಡದು. ಹೊರಚಾಚಿದ ಶಾಫ್ಟಿಗೆ ಎಡೆ ಸಿಗುವಂತೆ ದಿಮ್ಮಿಯ ಮೂತಿಯನ್ನು ನಡುವೆ ತೋಡಿಸಿದ್ದ. ಅಣ್ಣನೂ ನಾನೂ ದಿಮ್ಮಿಯನ್ನು ಹಿಂದಕ್ಕೆ ಎಳೆದು ಬಿಡುವುದು. ಜೋರು ಬೇಡ, ಒಂದೇ ಸಮನೆ ಬಿಡಿ ಎಂದ. ಮುತ್ಯಾ ಗಾಲಿಯ ಅಂಚಿಗೆ ಬೆರಳ ತುದಿ ಇಟ್ಟುಕೊಂಡು ಕಣ್ಣು ಮುಚ್ಚಿ ಕುಳಿತ.

ಹತ್ತು, ಇಪ್ಪತ್ತು, ನಲವತ್ತು ಪೆಟ್ಟು. ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನಲವತ್ತು. ಕೊಡಗಳ ಹತ್ತಿರ ಕುಳಿತವರು ಎದ್ದು ಬಂದು ಸುತ್ತ ನಿಂತಿದ್ದರು. ಎಷ್ಟನೆಯ ಪೆಟ್ಟಿಗೋ ತಿಳಿಯದು, ಕಿರ್ ಎಂದು ಒಣ ಬಾಗಿಲು ಸರಿದಂತೆ ಸದ್ದಾಯಿತು. "ಬಿಡ್ರಿ, ಸಾಕು" ಎಂದ. ಉಜ್ಜಿ ಹೊಳೆಯುತ್ತಿದ್ದ ಶಾಫ್ಟಿನ ಮೇಲೆ ಗುಂಬ ಮೊದಲಿದ್ದ ಜಾಗದಲ್ಲಿ ಜೋಳದ ಕಾಳಿನ ಅಗಲದ ಕಪ್ಪು ಪಟ್ಟೆ ಕಾಣುತ್ತಿತ್ತು. ಗಾಲಿ ಅಷ್ಟು ಒಳಗೆ ಸರಿದಿತ್ತು. ಆಗ ಚಾವಿಯ ತಲೆಯ ಹಿಂದೆ ಎದುರು ಬದುರಾಗಿ ಎರಡು ತೆಳು ಬೆಣೆ ಇಟ್ಟು, ಇದಕ್ಕೊಂದು ಅದಕ್ಕೊಂದು ಸಣ್ಣ ಪೆಟ್ಟು. ಎರಡು ದಿನ ನಮ್ಮ ಘಣಕ್ಕೆ ಜಗ್ಗದ ಚಾವಿ ಬಾಳೆಹಣ್ಣು ಸಿಪ್ಪೆ ಬಿಟ್ಟಂತೆ ಹೊರಬಂದಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕಳಚುವ ಯಾವ ಭಾರದ ವಸ್ತುವಾದರೂ ಅಪಾಯ ತರುವುದು ಕಳಚಿದ ಆ ಒಂದು ಗಳಿಗೆಯಲ್ಲಿ. ಬಾರದು ಬಾರದು ಎಂದು ಜಗ್ಗುತ್ತಿದ್ದವರ ಕಾಲ ಮೇಲೇ ಬೀಳುತ್ತದೆ. ಮುತ್ಯಾ ಅದಕ್ಕೆ ಮೊದಲೇ ಶಾಫ್ಟಿನ ಎತ್ತರಕ್ಕೆ ಲೆಕ್ಕ ಹಾಕಿ ಗಾಲಿಯ ಅಂಚಿನ ಕೆಳಗೆ ಹಾಸುಗಲ್ಲುಗಳನ್ನು ಒಟ್ಟಿಸಿ, ಮೇಲಿನ ಕಲ್ಲಿಗೆ ಗ್ರೀಸ್ ಬಳಿಸಿದ್ದ. ಗಾಲಿ ಶಾಫ್ಟನ್ನು ಬಿಟ್ಟಾಗ ಕೆಳಗೆ ಬೀಳದೆ ಕಲ್ಲಿನ ಮೇಲೆ ಜಾರಿ ನಿಂತಿತು. ಕಾಲುಗಳ ನಡುವೆ ಬಿದಿರು ತೂರಿಸಿ ನಾಲ್ವರು ಹೊತ್ತು ಬದಿಗಿಟ್ಟರು.

ಕೂಲಿ ಎಂದು ಅಪ್ಪ ಕೊಟ್ಟ ಹಣವನ್ನು ಮುತ್ಯಾ ಮುಟ್ಟಲಿಲ್ಲ. ಎರಡು ಸೇರು ಜೋಳ ಕೇಳಿ ತೆಗೆದುಕೊಂಡ. ಆ ವರ್ಷ ಎರಡು ಸೇರು ಜೋಳವೆಂದರೆ ಏನೆಂದು ಕಂಡವರಿಗೇ ಗೊತ್ತು.

ಬೇರಿಂಗು ಸೊಲ್ಲಾಪುರದಿಂದ ರೈಲಿನಲ್ಲಿ ನಾಲವಾರಕ್ಕೆ ಬಂದಿತು. ಬಿರುಕು ಬಿಟ್ಟ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದು ಓಡಿಸಬಹುದೆಂದು ಹೇಳಿದವರಿದ್ದರು. ನೀರಿಗೆ ಬರುವ ಹೆಣ್ಣುಮಕ್ಕಳು ಗಾಲಿಯ ಎದುರಿಗೇ ಸಾಲು ನಿಲ್ಲುತ್ತಾರೆಂದು ಅಪ್ಪ ಒಪ್ಪಲಿಲ್ಲ. ಚಿತ್ತಾಪುರದಲ್ಲಿ ಮುಚ್ಚಿಹೋಗಿದ್ದ ಹಿಟ್ಟಿನ ಗಿರಣಿಯೊಂದರ ಅದೇ ಅಳತೆಯ ಹಳೆಯ ಗಾಲಿ ಸಿಕ್ಕಿತು. ಅದರ ಬೆಲೆಗೆ ಒಂದು ಎತ್ತು ಹೋಯಿತು. ಮೇವಿಲ್ಲದ ಕಾಲ, ಎಲ್ಲರೂ ದನ ಮಾರುವವರೇ. ಅರ್ಧ ಬೆಲೆಯೂ ಬರಲಿಲ್ಲ. ಅಣ್ಣ ತಾನೇ ಆ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದ, ಅವನೇ ಸಾಕಿದ ಎತ್ತು. ಬಂದ ಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಆರನೆಯ ದಿನಕ್ಕೆ ಇಂಜಿನ್ನು ಓಡಿತು.

ಆ ಮಳೆಗಾಲ ಚೆನ್ನಾಗಿ ಸುರಿಯಿತು. ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದರ ಹಿಂದಿನ ತಿಂಗಳಷ್ಟೇ ಅರಬ್ಬರಿಗೂ ಇಸ್ರೇಲಿಗೂ ಯುದ್ಧ ಹತ್ತಿ, 1974ರ ಆರಂಭಕ್ಕೆ ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಗಿತ್ತು. ಎಲ್ಲೋ ಸುಯೆಜ್ ಕಾಲುವೆಯ ದಂಡೆಯಲ್ಲಿ ಹಾರಿದ ಗುಂಡು ಭೀಮಾ ದಂಡೆಯ ಇಂಜಿನ್ನಿಗೂ ತಾಗಿತು. ಡೀಸೆಲ್ ತುಟ್ಟಿಯಾಗಿ, ವಿದ್ಯುತ್ತಿನ ಕಂಬಗಳು ಒಂದೊಂದೇ ಊರಿಗೆ ಬಂದಂತೆ ಎಣ್ಣೆ ಇಂಜಿನ್ನುಗಳು ಮೂಲೆ ಸೇರಿದವು. ಸನ್ನತಿಯ ಹತ್ತಿರ ಈಗ ಭೀಮೆಗೆ ಅಡ್ಡಲಾಗಿ ಬ್ಯಾರೇಜೇ ಇದೆ. ನಮ್ಮ ಇಂಜಿನ್ನು ಎಂಬತ್ತರ ದಶಕದ ನಡುವಿನಲ್ಲಿ ಕೊನೆಯ ಬಾರಿ ಓಡಿತು.

ಬಿರುಕಿನ ಗಾಲಿಯನ್ನು ಅಪ್ಪ ಮಾರಲಿಲ್ಲ. ಬಾವಿಯ ಪಕ್ಕ ನೆಲದಲ್ಲಿ ಅರ್ಧ ಹೂಳಿ, ಎಮ್ಮೆ ಕಟ್ಟಲು ಬಳಸುತ್ತಿದ್ದರು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ 'ಕಾಳಿ' ಗುಡಿಯ ಮೇಲ್ಛಾವಣಿ ಕುಸಿದು, ದೇವಿಯ ವಿಗ್ರಹದ ಕೆಳಗಿದ್ದ ಪೀಠದ ಕಲ್ಲಿನಲ್ಲಿ ಅಶೋಕನ ಬ್ರಾಹ್ಮಿ ಅಕ್ಷರಗಳು ಕಂಡವಲ್ಲ, ಆಗ ನಾನು ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಎಂದೋ ಯಾರೋ ವಿಗ್ರಹವನ್ನು ಸಿಕ್ಕಿಸಲು ಆ ಶಾಸನದ ಹಲಗೆಯ ನಡುವೆ ಆಯಾಕಾರದ ತೂತು ಕೊರೆದಿದ್ದಾರೆ; ಕೊರೆದಲ್ಲಿದ್ದ ಅಕ್ಷರಗಳು ಹೋಗಿವೆ. ನಾನು ಅಕ್ಷರ ಹೋದುದಕ್ಕೆ ಮರುಗುತ್ತಿದ್ದರೆ ಅಪ್ಪ ಬಗ್ಗಿ ಆ ತೂತಿನ ಅಂಚನ್ನೇ ನೋಡುತ್ತಿದ್ದರು. "ಛಲೋ ಕೊರದಾನ. ಎಲ್ಲೂ ಸೀಳ್ ಬಿಟ್ಟಿಲ್ಲ ನೋಡು" ಎಂದರು. 1973ರಲ್ಲಿ ನಾವು ಘಣ ಬೀಸುತ್ತಿದ್ದಾಗಲೂ ಆ ಕಲ್ಲು ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಯಾರಿಗೂ ಗೊತ್ತಿಲ್ಲದೆ ಇತ್ತು.

ಅಣ್ಣ ಬರಗಾಲ ಮುಗಿದ ಮೇಲೆ ಹೊಲ ಬಿಟ್ಟು ವಾಡಿಗೆ ಹೋದ. 1968ರಲ್ಲಿ ಆರಂಭವಾಗಿದ್ದ ಅಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿ ಖಲಾಸಿಯಾಗಿ ಸೇರಿ, ಫಿಟ್ಟರ್ ಆಗಿ ನಿವೃತ್ತನಾದ. ಮನುಷ್ಯನೆತ್ತರದ ಗಾಲಿಗಳನ್ನು ಕಳಚುವುದು ಅವನ ದಿನದ ಕೆಲಸವಾಗಿತ್ತು. ಅವನ ಕೈಕೆಳಗಿನ ಹುಡುಗರು ಹೇಳಿದ್ದನ್ನು ಕೇಳಿದ್ದೇನೆ: ಬಿಚ್ಚುವ ಮುನ್ನ ಆತ ಒಂದು ತಾಸು ಸುಮ್ಮನೆ ಸುತ್ತ ಅಡ್ಡಾಡಿ ನೋಡುತ್ತಿದ್ದನಂತೆ, ಅವನು ಕೈ ಹಚ್ಚುವುದರೊಳಗೆ ಬೇರೆಯವರು ಚಹಾ ಕುಡಿದು ಬರಬಹುದಾಗಿತ್ತಂತೆ. ನಮ್ಮ ಬಾವಿಯ ಬಳಿ ಬಂದಾಗ ಮಾತ್ರ ಎಮ್ಮೆ ಕಟ್ಟಿದ ಆ ಗಾಲಿಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದ. ಅವನು ತೀರಿಕೊಂಡು ಈಗ ಒಂಬತ್ತು ವರ್ಷವಾಯಿತು.

ಪುಣೆಯ ಹುಡುಗನಿಗೆ ಫೋನಿನಲ್ಲಿ ಇಷ್ಟು ಹೇಳಿದೆ: ಜೀಪಿನ ಫ್ಲೈವ್ಹೀಲಿಗೆ ನಮ್ಮ ಇಂಜಿನ್ನಿನಂತಹ ಚಾವಿ ಇರುವುದಿಲ್ಲ, ಬೋಲ್ಟುಗಳಿರುತ್ತವೆ. ಅವುಗಳ ಜೊತೆ ಮೊನಚಾದ ಡೋವೆಲ್ಲುಗಳೇನಾದರೂ ಉಳಿದಿವೆಯೇ, ಅವುಗಳನ್ನು ಯಾವ ಕಡೆಯಿಂದ ಬಡಿದಿದ್ದಾರೆ, ಅದನ್ನು ಮೊದಲು ನೋಡು. ಒಂದೇ ಕಡೆ ಹಾರೆ ಹಾಕಿ ಮೀಟಬೇಡ. ಎಣ್ಣೆ ಬಿಟ್ಟು ರಾತ್ರಿ ಕಾಯಿ. ಕಟ್ಟಿಗೆ ಇಟ್ಟು ಎದುರು ಬದುರು ತಟ್ಟು. ಕೆಳಗೆ ಹಲಗೆ ಇಡು.

ಮೊನ್ನೆ ಭಾನುವಾರ ಮತ್ತೆ ಫೋನ್ ಮಾಡಿದ್ದ. ಎರಡು ಡೋವೆಲ್ಲು ಇದ್ದುವಂತೆ, ಗ್ರೀಸಿನೊಳಗೆ ಮುಚ್ಚಿಹೋಗಿ ಕಂಡಿರಲಿಲ್ಲವಂತೆ. ಅವು ಬಂದ ಮೇಲೆ ನಾಲ್ಕೇ ಪೆಟ್ಟಿಗೆ ಫ್ಲೈವ್ಹೀಲ್ ಕಳಚಿ ಬಿದ್ದು ಹಲಗೆ ಎರಡು ಹೋಳಾಯಿತಂತೆ. "ಕಾಲು?" ಎಂದು ಕೇಳಿದೆ. "ಕಾಲು ಉಳೀತು ಸರ್, ನಮ್ಮ ಮನಿಯಾಕಿದು ರೊಟ್ಟಿ ಹಲಗಿ ಹೋತು" ಎಂದ.